ಕೆಂಚನಗೌಡನ ಐದನೇ ಸಾವು

ಕೆಂಚನಗೌಡ ಸತ್ತಿದ್ದ. ಒಮ್ಮೆ ಅಲ್ಲ, ನಾಲ್ಕು ಸಲ ಸತ್ತಿದ್ದ. ಆದರೂ ಪೀಣ್ಯದ ಮಂದಿ ಅವನನ್ನು ನೆಮ್ಮದಿಯಾಗಿ ಸಾಯಲು ಬಿಡುವ ಲಕ್ಷಣ ಕಾಣುತ್ತಿರಲಿಲ್ಲ.

ಗೌಡ ಎಂದರೆ ಯಾವುದೋ ಊರಿನ ನಿಜವಾದ ಗೌಡನಲ್ಲ, ಯಂಕಪ್ಪ ಬರೆದ ನಾಟಕದ ಖಳನಾಯಕ. ಯಂಕಪ್ಪ ಯಲಬುರ್ಗಾ ಕಡೆಯವನು. ಪೀಣ್ಯ ಎರಡನೇ ಹಂತದ ಒಂದು ಕಾರ್ಖಾನೆಯಲ್ಲಿ ಪ್ರೆಸ್ ಮೆಷಿನ್ ಮುಂದೆ ನಿಂತು ತಗಡು ಒತ್ತಿ ಒತ್ತಿ ತಲೆ ಹಣ್ಣು ಮಾಡಿಕೊಂಡವನು. ಅವನೂ ಅವನಂಥ ಉತ್ತರ ಕರ್ನಾಟಕದ ಕೆಲಸಗಾರರೂ ಸೇರಿ ಗೆಳೆಯರ ಬಳಗ ಎಂದು ಕಟ್ಟಿಕೊಂಡು, ಪ್ರತಿ ನವೆಂಬರಿನಲ್ಲಿ ರಾಜ್ಯೋತ್ಸವದ ಹೆಸರಿನಲ್ಲಿ ಒಂದು ಸಾಮಾಜಿಕ ನಾಟಕ ಆಡುತ್ತಿದ್ದರು. ಲಗ್ಗೆರೆಯ ಖಾಲಿ ಸೈಟಿನಲ್ಲಿ ಪೆಂಡಾಲು, ಭಾನುವಾರ ಮಧ್ಯಾಹ್ನ ಶುರು, ದೀಪ ಹಚ್ಚುವ ಹೊತ್ತು ದಾಟುತ್ತಲೇ ಮಂಗಳ. ಮಾರನೇ ದಿನ ಎಲ್ಲರಿಗೂ ಫಸ್ಟ್ ಶಿಫ್ಟು ಇರುತ್ತಿತ್ತಲ್ಲ.

ಮೊದಲ ವರ್ಷ ‘ಕೊಟ್ಟ ಮಾತು ಕೆಟ್ಟ ಗೌಡ’ ಆಡಿದಾಗ ಕೆಂಚನಗೌಡ ಕೊನೆಗೆ ಬಾವಿಗೆ ಬಿದ್ದು ಸತ್ತ. ಸಾಯಬೇಕಾದವನೇ, ಸತ್ತ, ಕತೆ ಮುಗಿಯಿತು ಎಂದು ಯಂಕಪ್ಪ ಪೆನ್ನು ಮುಚ್ಚಿದ. ಆದರೆ ಗೌಡನ ಪಾತ್ರ ಮಾಡಿದ ಮುದಕಪ್ಪ ದಪ್ಪ ಮೀಸೆ ಅಂಟಿಸಿಕೊಂಡು ‘ಹ್ಹಹ್ಹಹ್ಹಾ’ ಎಂದು ನಕ್ಕ ನಗೆ ಇತ್ತಲ್ಲ, ಅದು ಜನರ ತಲೆಗೇರಿಬಿಟ್ಟಿತು. ಮರುವರ್ಷ ಗೌಡ ಬೇಕೇ ಬೇಕು ಎಂದರು. ಸರಿ, ಯಂಕಪ್ಪ ಅವನನ್ನು ಬಾವಿಯಿಂದ ಮೇಲೆ ಹತ್ತಿಸಿ, ಹಾವು ಕಚ್ಚಿಸಿ ಸಾಯಿಸಿದ. ಮೂರನೇ ವರ್ಷ ಹಾವಾಡಿಗನಿಂದ ವಿಷ ಇಳಿಸಿ ಬದುಕಿಸಿ, ಬಂದೂಕಿನಿಂದ ಹೊಡೆಸಿದ. ನಾಲ್ಕನೇ ವರ್ಷ, ಆ ಗುಂಡು ಗೌಡನ ಎದೆಗಲ್ಲ, ಕಿಸೆಯಲ್ಲಿದ್ದ ತಂಬಾಕಿನ ಡಬ್ಬಿಗೆ ಬಡಿದಿತ್ತು ಎಂದು ಬರೆಯುವಾಗ ಅವನಿಗೆ ತನ್ನ ಕೈಯನ್ನು ತಾನೇ ಪ್ರೆಸ್ಸಿನ ಬಾಯಿಗೆ ಕೊಡಬೇಕು ಅನ್ನಿಸಿತ್ತು. ಆ ಸಲ ಗೌಡನನ್ನು ಬಣವೆಗೆ ಹಾಕಿ ಸುಟ್ಟೇಬಿಟ್ಟ. ಬೂದಿಯಿಂದ ಹೇಗೆ ಎದ್ದು ಬರುತ್ತಾನೋ ನೋಡೇಬಿಡೋಣ ಎಂಬ ಹಟ ಅವನದು.

ಇದು ಯಂಕಪ್ಪನೊಬ್ಬನ ಗೋಳು ಆಗಿರಲಿಲ್ಲ. ಜಗತ್ತೇ ಹಾಗಾಗಿತ್ತು. ಸಿನಿಮಾಕ್ಕೆ ಹೋದರೆ ಎರಡೂವರೆ ತಾಸು ಕೂರಿಸಿ, ಕೊನೆಗೆ ‘ಉಳಿದದ್ದು ಮುಂದಿನ ಭಾಗದಲ್ಲಿ’ ಎಂದು ಬರೆದು ಬಾಗಿಲು ತೆರೆಯುತ್ತಿದ್ದರು. ಟಿಕೀಟು ಪೂರ್ತಿ ತಗೊಂಡ ಮೇಲೆ ಕತೆ ಪೂರ್ತಿ ಹೇಳಲು ಇವರಿಗೇನು ಧಾಡಿ? ಟೀವಿ ಹಚ್ಚಿದರೆ ಹೋದ ತಿಂಗಳು ಸತ್ತ ಸೊಸೆ ಈ ತಿಂಗಳು ಬೇರೆ ಮುಖ ಹೊತ್ತು ಬಂದು ಅತ್ತೆಯ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದಳು. ಕಾರ್ಖಾನೆಯ ಹುಡುಗರಂತೂ ಚಹಾದ ಹೊತ್ತಿನಲ್ಲಿ ಯಾರ ಹೀರೊ ದೊಡ್ಡವನು ಎಂದು ಮೊಬೈಲಿನಲ್ಲಿ ಮುಖ ಮೂತಿ ಕಾಣದವರ ಅವ್ವ-ಅಕ್ಕಂದಿರನ್ನು ಬೈಯುತ್ತ ಕೂತಿರುತ್ತಿದ್ದರು. ಚಹಾ ಆರಿ ಹೋದರೂ ಇವರ ಸಿಟ್ಟು ಆರುತ್ತಿರಲಿಲ್ಲ. ಯಂಕಪ್ಪನಿಗೆ ನೋಡಿ ನೋಡಿ ತಲೆ ಚಿಟ್ಟು ಹಿಡಿದಿತ್ತು.

ಬರುವ ಸಂಕ್ರಾಂತಿಗೆ ಅವನ ನೌಕರಿ ಮುಗಿಯುತ್ತಿತ್ತು. ಗಂಟು ಮೂಟೆ ಕಟ್ಟಿ ಊರಿಗೆ ಹೋಗುವವನು. ಅಂದರೆ ಈ ನವೆಂಬರಿನದೇ ಅವನ ಕಟ್ಟಕಡೆಯ ನಾಟಕ. ಮತ್ತು ಅವನ ಬಳಿ ಒಂದು ಹೊಸ ನಾಟಕ ಇತ್ತು.

ಹೆಸರು ‘ಒಂದ ಕೀಲಿಕೈ’. ಗಂಡನಿಗೆ ರಾತ್ರಿ ಪಾಳಿ, ಹೆಂಡತಿಗೆ ಗಾರ್ಮೆಂಟ್ಸಿನಲ್ಲಿ ಹಗಲು ಕೆಲಸ. ಒಂದೇ ಬಾಡಿಗೆ ಕೋಣೆ, ಅದಕ್ಕೊಂದೇ ಕೀಲಿಕೈ. ಅವನು ಬರುವ ಹೊತ್ತಿಗೆ ಅವಳು ಹೊರಡುತ್ತಾಳೆ, ಅವಳು ಬರುವ ಹೊತ್ತಿಗೆ ಅವನು. ಬಾಗಿಲಲ್ಲಿ ಕೀಲಿಕೈ ಕೈ ಬದಲಾಗುವಷ್ಟು ಹೊತ್ತೇ ಅವರ ಸಂಸಾರ. ಅಷ್ಟರಲ್ಲೇ ಜಗಳ, ಅಷ್ಟರಲ್ಲೇ ಸರಸ, ಅಷ್ಟರಲ್ಲೇ ಊರಿಂದ ಬಂದ ಸಾವಿನ ಸುದ್ದಿ. ಇಡೀ ನಾಟಕಕ್ಕೆ ಇಬ್ಬರೇ ಪಾತ್ರ. ಬಂದೂಕಿಲ್ಲ, ಬಾವಿಯಿಲ್ಲ, ಹ್ಹಹ್ಹಹ್ಹಾ ಇಲ್ಲ. ಪೀಣ್ಯಕ್ಕೆ ಬಂದ ಹೊಸದರಲ್ಲಿ ಯಂಕಪ್ಪನೂ ಅವನ ಹೆಂಡತಿ ದೇವಕ್ಕನೂ ಹಾಗೇ ಬದುಕಿದ್ದರು.

ಬರೆದದ್ದನ್ನು ಅವನು ಮೊದಲು ಓದಿ ಹೇಳಿದ್ದು ದೇವಕ್ಕನಿಗೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಓದುತ್ತ ಓದುತ್ತ ಹೋದಂತೆ ರೊಟ್ಟಿಯ ಸಪ್ಪಳ ನಿಂತಿತು. ಹಂಚಿನ ಮೇಲಿದ್ದದ್ದು ಸೀದು ಹೋಯಿತು.

“ಇದನ್ನ ಆಡಸ್ರಿ” ಎಂದಳು ದೇವಕ್ಕ. “ಆ ಸುಡಗಾಡ ಗೌಡನ್ನ ಸಾಕು ಮಾಡ್ರಿ. ಊರಿಗೆ ಹೋಗೂದ್ರೊಳಗ ನಾ ಇದನ್ನ ಒಮ್ಮೆ ಕುಂತು ನೋಡ್ಬೇಕು.”

ಅವಳು ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ. ಕೇಳಿದ್ದು ಇದೊಂದೇ. ಯಂಕಪ್ಪನಿಗೆ ಆ ಮಾತು ಎದೆಯಲ್ಲಿ ನಾಟಿಕೊಂಡಿತು.

ದಸರೆಗೆ ಮೊದಲೇ ತಾಲೀಮು ಶುರುವಾಯಿತು. ಬಳಗದ ಅಧ್ಯಕ್ಷ ಚನಬಸಪ್ಪನದು ಸೆಂಟ್ರಿಂಗ್ ಸಾಮಾನು ಬಾಡಿಗೆ ಕೊಡುವ ವ್ಯಾಪಾರ. ಅವನ ಗೋಡೌನಿನಲ್ಲಿ ಕಬ್ಬಿಣದ ಹಲಗೆಗಳ ನಡುವೆ ಅಭ್ಯಾಸ. ಹೆಂಡತಿಯ ಪಾತ್ರಕ್ಕೆ ಶರಣಮ್ಮ. ಅವಳು ಹಿಂದೆ ನಾಟಕ ಕಂಪನಿಗಳಲ್ಲಿ ಊರೂರು ತಿರುಗಿದ ನಟಿ, ಈಗ ಲಗ್ಗೆರೆಯಲ್ಲಿ ಜೋಳದ ರೊಟ್ಟಿ ಮಾಡಿ ಮಾರುತ್ತಿದ್ದಳು. ಗಂಡನ ಪಾತ್ರಕ್ಕೆ ಗೌಡನ ಖ್ಯಾತಿಯ ಅದೇ ಮುದಕಪ್ಪ.

“ಮಾಸ್ತರ, ಈ ಸಲ ನಗೂದ ಇಲ್ಲಲ್ಲ?” ಎಂದು ಅವನು ಯಂಕಪ್ಪನನ್ನು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಕಬ್ಬಿಣಕ್ಕೆ ಬಣ್ಣದ ಪುಡಿ ಹೊಡೆಯುವ ಪೌಡರ್ ಕೋಟಿಂಗ್ ಕೆಲಸದ ಧೂಳು ಕುಡಿದು ಅವನ ಗಂಟಲು ಮೊದಲೇ ಹಾಳಾಗಿತ್ತು. “ಆ ಗೌಡನ ನಗಿ ನಕ್ಕು ನಕ್ಕು ವಾರಗಟ್ಲೆ ನೀರು ಇಳಿಯಂಗಿಲ್ರಿ. ಇದು ಬೇಸ್ ಐತಿ. ಮೆಲ್ಲಕ ಮಾತಾಡಿದ್ರೂ ನಡೀತೈತಿ.”

ಎಲ್ಲ ಸುಸೂತ್ರವಾಗಿಯೇ ನಡೆದಿತ್ತು. ಅಷ್ಟರಲ್ಲಿ ಹನುಮೇಶ ಮೊಬೈಲ್ ಹಿಡಿದ.

ಹನುಮೇಶ ಯಂಕಪ್ಪನ ತಂಗಿಯ ಮಗ. ಸಿಎನ್‌ಸಿ ಮೆಷಿನ್ ಆಪರೇಟರ್, ಅದೇ ವಠಾರದಲ್ಲಿ ವಾಸ, ಊಟ ಮಾವನ ಮನೆಯಲ್ಲಿ. ಡೇಟಾ ನೀರಿನಂತೆ ಅಗ್ಗವಾದದ್ದೇ ತಡ, ಫೇಸ್‌ಬುಕ್ಕಿನಲ್ಲಿ ‘ಕೆಂಚನಗೌಡ ಅಭಿಮಾನಿ ಬಳಗ’ ಎಂಬ ಪೇಜು ತೆರೆದು ಕೂತಿದ್ದ. ಗೌಡನ ನಗೆಯ ತುಣುಕುಗಳನ್ನು ಹಾಕಿ ಹಾಕಿ, ಪೀಣ್ಯ ಎಲ್ಲಿದೆ ಎಂದು ಗೊತ್ತಿಲ್ಲದವರನ್ನೂ ಅಭಿಮಾನಿಗಳನ್ನಾಗಿ ಮಾಡಿದ್ದ. ಒಂದು ಸಂಜೆ ಯಂಕಪ್ಪ ಉಣ್ಣುತ್ತಿರುವಾಗ ಮುಖದ ಮುಂದೆ ಮೊಬೈಲ್ ಹಿಡಿದು, “ಮಾವ, ಈ ವರ್ಷ ಗೌಡ ಹ್ಯಾಂಗ ಎದ್ದು ಬರ್ತಾನ?” ಎಂದು ಕೇಳಿದ.

ಬಾಯಲ್ಲಿ ತುತ್ತು ಇಟ್ಟುಕೊಂಡೇ ಯಂಕಪ್ಪ ಹೇಳಿದ: “ಬರಂಗಿಲ್ಲ. ಸತ್ತಾವ ಸತ್ತ. ಮತ್ತ ಮತ್ತ ಎಬ್ಬಿಸಿದ್ರ ನೋಡೋರಿಗೆ ಬುದ್ಧಿ ಇಲ್ಲ ಅಂತ ನಾವು ತಿಳಕೊಂಡಂಗ ಆಗತೈತಿ. ನೋಡೋರು ನಮಗಿಂತ ಶಾಣ್ಯಾರು ಅದಾರ.”

ಹನುಮೇಶ ಪೂರ್ತಿ ಮಾತನ್ನೇ ಹಾಕಿದ್ದ, ಅವನ ಮೇಲೆ ಸುಳ್ಳು ಹೇಳಬಾರದು. ಆದರೆ ಯಾವನೋ ಪುಣ್ಯಾತ್ಮ ತಲೆ ಬಾಲ ಎರಡನ್ನೂ ಕತ್ತರಿಸಿ ‘ನೋಡೋರಿಗೆ ಬುದ್ಧಿ ಇಲ್ಲ’ ಎಂಬಷ್ಟನ್ನೇ ಉಳಿಸಿ ಬಿಟ್ಟ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನಕ್ಕೆ ಇಷ್ಟು ಸಾಲದೇ? ಬೆಳಗಾಗುವಷ್ಟರಲ್ಲಿ ಯಂಕಪ್ಪ ಪ್ರೇಕ್ಷಕರನ್ನು ಅವಮಾನಿಸಿದವನಾದ, ಮಧ್ಯಾಹ್ನಕ್ಕೆ ರಾಜ್ಯೋತ್ಸವವನ್ನು ಅವಮಾನಿಸಿದವನಾದ, ಸಂಜೆಗೆ ಕನ್ನಡ ದ್ರೋಹಿಯಾದ. ಹುಟ್ಟಿದಾಗಿನಿಂದ ಕನ್ನಡ ಬಿಟ್ಟು ಬೇರೆ ಭಾಷೆ ಬಾರದ ಯಂಕಪ್ಪನಿಗೆ ಇದು ಹೇಗೆ ಸಾಧ್ಯವಾಯಿತು ಎಂದು ಯಾರೂ ಕೇಳಲಿಲ್ಲ.

ಯಾರೋ ಅವನ ನಂಬರನ್ನೂ ಹಂಚಿದರು. ಮೆಷಿನ್ ಮುಂದೆ ನಿಂತರೂ ಫೋನು, ಬಹಿರ್ದೆಸೆಗೆ ಕೂತರೂ ಫೋನು.

“ಸಾರ್, ಯಂಕಪ್ಪನವರಾ? ಗೌಡನ್ನ ಯಾಕ್ ಸಾರ್ ಸಾಯ್ಸಿದ್ರಿ? ನಮ್ ಫೀಲಿಂಗ್ಸ್‌ಗೆ ಬೆಲೆ ಇಲ್ವಾ?”

“ನೀವು ನಾಟಕ ನೋಡೀರೇನಪಾ ತಮ್ಮಾ?”

“ಇಲ್ಲ ಸಾರ್, ನಾನಿರೋದು ಕುಂದಲಹಳ್ಳೀಲಿ. ಆ ಟ್ರಾಫಿಕ್ಕಲ್ಲಿ ಪೀಣ್ಯಾಗೆ ಯಾರ್ ಬರ್ತಾರೆ? ಆದ್ರೂ ತಪ್ಪು ತಪ್ಪೇ ಅಲ್ವಾ ಗುರು?”

ಇನ್ನೊಂದು ಗುಂಪಿನವರದು ಬೇರೆಯೇ ರಾಗ. ಗೌಡನನ್ನು ಸಾಯಿಸಿದ್ದಕ್ಕಲ್ಲ, ಗೌಡರನ್ನು ಕೆಟ್ಟವರೆಂದು ತೋರಿಸಿದ್ದಕ್ಕೆ ಕ್ಷಮೆ ಕೇಳಬೇಕು ಅಂತ. ಒಬ್ಬರಿಗೆ ಗೌಡ ಬದುಕಬೇಕು, ಇನ್ನೊಬ್ಬರಿಗೆ ಅವನು ಹುಟ್ಟಲೇಬಾರದಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಂಡು ಸುಮ್ಮನಿದ್ದರೆ ಯಂಕಪ್ಪ ಬದುಕಿಕೊಳ್ಳುತ್ತಿದ್ದ; ಆದರೆ ಎರಡೂ ಕಡೆಯವರು ಸುಸ್ತಾದಾಗಲೆಲ್ಲ ಅವನ ಕಡೆಗೆ ತಿರುಗುತ್ತಿದ್ದರು. ಇದರ ನಡುವೆ ‘ನಾವು ಯಂಕಪ್ಪನ ಜೊತೆ’ ಎಂದು ನಿಂತ ಮಹಾನುಭಾವರೂ ಇದ್ದರು. ಅವರು ಹಾಕಿದ ಫೋಟೊ ಪೇಟಾ ಸುತ್ತಿದ ಯಾವುದೋ ಬೇರೆ ಯಂಕಪ್ಪನದು.

“ಇವ ಯಾರ್ರೀ?” ಎಂದು ದೇವಕ್ಕ ಮೊಬೈಲ್ ಇಸಿದುಕೊಂಡು ನೋಡಿದಳು. “ನಿಮಗಿಂತ ಚಲೋ ಅದಾನ.”

“ಹೋಗ, ಅವನ ಜೋಡಿನ ಸಂಸಾರ ಮಾಡ ಹೋಗ!” ಎಂದು ಯಂಕಪ್ಪ ಅವಳ ಮೇಲೆ ಹರಿಹಾಯ್ದ. ಬೈದವರು ಊರಲ್ಲೆಲ್ಲೋ, ಬೈಸಿಕೊಳ್ಳಲು ಸಿಕ್ಕವಳು ಮನೆಯವಳು.

ವಾರದೊಳಗೆ ಚನಬಸಪ್ಪ ಬಂದು ಜೋಲು ಮೋರೆ ಹಾಕಿಕೊಂಡು ಕೂತ. “ಯಂಕಪ್ಪಣ್ಣ, ನಲ್ಲಪ್ಪನೋರು ಜಾಗ ಕೊಡಂಗಿಲ್ಲ ಅಂತ ಕುಂತಾರ” ಎಂದ. ನಲ್ಲಪ್ಪ ಎಂದರೆ ಪೆಂಡಾಲು ಹಾಕುವ ಸೈಟಿನ ಮಾಲೀಕ, ಲಗ್ಗೆರೆ ಹಳ್ಳಿಯಾಗಿದ್ದಾಗಿನಿಂದ ಅಲ್ಲಿಯವನು. “‘ಗೌಡ ಇಲ್ಲಾಂದ್ರೆ ಪೆಂಡಾಲೂ ಇಲ್ಲ ಕಣ್ರೀ, ನಮ್ಮನೆ ಎಂಗಸ್ರು ಬರಾದೇ ಗೌಡನ್ನ ನೋಡಾಕೆ’ ಅಂದ್ರು. ಜಾಗ ಇಲ್ಲಂದ್ರ ನಾಟಕ ಎಲ್ಲಿ ಆಡೂದು? ನನ್ನ ಗೋಡೌನಿನ್ಯಾಗ?”

ಯಂಕಪ್ಪ ಗೋಡೆ ನೋಡುತ್ತ ಕೂತ. ಒಳಗೆ ರೊಟ್ಟಿಯ ಸಪ್ಪಳ ನಿಂತಿರುವುದು ಅವನಿಗೆ ಕೇಳಿಸಿತು. ಸಪ್ಪಳ ನಿಂತದ್ದೂ ಕೇಳಿಸುತ್ತದೆ, ಬೇಕಾದವರದಾದರೆ.

“ಬರೀತೀನಿ ಹೋಗು” ಎಂದ ಕೊನೆಗೆ. “ಸುಟ್ಟಾವ ಗೌಡ ಅಲ್ಲ, ಗೌಡನ ಅವಳಿ ತಮ್ಮ. ಆತಿಲ್ಲ?”

“ಭಾರಿ ಐಡಿಯಾ ಅಣ್ಣಾ!” ಎಂದು ಚನಬಸಪ್ಪ ಮೇಲೆದ್ದ. ಒಳಗೆ ದೇವಕ್ಕ ಮತ್ತೆ ರೊಟ್ಟಿ ಬಡಿಯತೊಡಗಿದಳು. ಬೈದಿದ್ದರೆ ಚೆನ್ನಾಗಿತ್ತು.

ಭಾಗ ಐದರ ಸುದ್ದಿ ಹನುಮೇಶನ ಪೇಜಿನಲ್ಲಿ ಬಂದದ್ದೇ ಸರಿ, ನಿನ್ನೆ ಉಗಿದವರೇ ಇಂದು ಜೈಕಾರ ಹಾಕಿದರು. ಮುದಕಪ್ಪ ಮಾತ್ರ ಸುದ್ದಿ ಕೇಳಿ ಗೋಡೌನಿನ ಹಲಗೆಯ ಮೇಲೆ ಕೂತುಬಿಟ್ಟ.

“ಮಾಸ್ತರ, ಈ ಸಲ ನಾ ಯಾವಾಗ ಸಾಯೂದ್ರಿ?”

“ಕಡೀ ಸೀನಿನ್ಯಾಗ.”

“ಅಲ್ಲೀ ಮಟ ಜೀವಾ ಹಿಡಕೊಂಡು ನಗಬೇಕೇನು?” ಎಂದು ಅವನು ಶರಣಮ್ಮನ ಮುಖ ನೋಡಿದ. ಶರಣಮ್ಮ ತನ್ನ ಸೆರಗಿನ ಗಂಟು ಬಿಚ್ಚಿ, ಹೊಸ ನಾಟಕದ ತಾಲೀಮಿಗೆಂದು ಇಟ್ಟುಕೊಂಡಿದ್ದ ಕೀಲಿಕೈಯನ್ನು ಯಂಕಪ್ಪನಿಗೆ ತಿರುಗಿ ಕೊಡಲು ಬಂದಳು. ಏನನ್ನಿಸಿತೋ, ಕೊಡದೆ ಮತ್ತೆ ಗಂಟು ಹಾಕಿಕೊಂಡಳು.

ಭಾನುವಾರ ಬಂತು. ಪೆಂಡಾಲು ತುಂಬಿ ತುಳುಕಿ, ಪಕ್ಕದ ಮನೆಗಳ ತಾರಸಿಯ ಮೇಲೂ ಜನ. ಹನುಮೇಶ ಮುಂದಿನ ಸಾಲಿನಲ್ಲಿ ಕೂತು, ಮೊಬೈಲಿಗೆ ಪವರ್ ಬ್ಯಾಂಕ್ ಚುಚ್ಚಿಕೊಂಡು, ಪರದೆ ಏಳುವ ಮೊದಲೇ ಪೇಜಿನಲ್ಲಿ ಲೈವ್ ಶುರು ಮಾಡಿದ್ದ. ದೇವಕ್ಕ ಹೆಂಗಸರ ಕಡೆ, ಹಿಂದೆ. ಯಂಕಪ್ಪ ಎಂದಿನಂತೆ ಪರದೆಯ ಪಕ್ಕದ ಸಂದಿಯಲ್ಲಿ ನಿಂತು ನಟರಿಗೆ ಮಾತು ಎತ್ತಿಕೊಡುವ ಕೆಲಸದಲ್ಲಿದ್ದ. ಅಲ್ಲಿಂದ ರಂಗ ಕಾಣುತ್ತದೆ, ಜನ ಕಾಣುವುದಿಲ್ಲ. ಅವತ್ತು ಅದೇ ಒಳ್ಳೆಯದಾಯಿತು ಅನ್ನಿಸಿತ್ತು ಅವನಿಗೆ.

ಇಲ್ಲಿ ಒಂದು ಕಟ್ಟಳೆ ಹೇಳಬೇಕು. ನಮ್ಮ ಕಡೆಯ ನಾಟಕಗಳಲ್ಲಿ ಜನ ‘ಒನ್ಸ್ ಮೋರ್’ ಎಂದು ಕೂಗಿದರೆ ಮುಗಿಯಿತು, ನಟ ಅದನ್ನು ಮತ್ತೊಮ್ಮೆ ಮಾಡಲೇಬೇಕು. ಹಾಡಾದರೆ ಹಾಡು, ಅಳುವಾದರೆ ಅಳು. ಸತ್ತು ಬಿದ್ದವನಾದರೂ ಧೂಳು ಕೊಡವಿಕೊಂಡು ಎದ್ದು ಇನ್ನೊಮ್ಮೆ ಸಾಯಬೇಕು. ಒನ್ಸ್ ಮೋರ್ ಎಂದರೆ ದೇವರ ಅಪ್ಪಣೆ ಇದ್ದಂತೆ. ಅದನ್ನು ಮೀರಿದ ನಟನನ್ನು ಯಾರೂ ಕಂಡಿರಲಿಲ್ಲ.

ಮೊದಲ ದೃಶ್ಯ. ಗೌಡ ಮೀಸೆ ತಿರುವುತ್ತ ಬಂದ. ಪೆಂಡಾಲು ಹಾರಿಹೋಗುವಂತೆ ಸಿಳ್ಳೆ. ಗೌಡನಿಂದ ಮನೆ ಕಳೆದುಕೊಂಡ ವಿಧವೆಯಾಗಿ ಶರಣಮ್ಮ ಬಂದು ಹಾಲಿನ ಲೋಟ ಕೊಟ್ಟಳು. ಗೌಡ ಅದನ್ನು ಮೂಸಿ ನೋಡಿ, ‘ಹಾಲಿನ್ಯಾಗ ವಿಷ!’ ಎಂದು ಅಬ್ಬರಿಸಿ, ಚೆಲ್ಲಿ, ಗಹಗಹಿಸಿ ನಗಬೇಕು. ಬರೆದದ್ದು ಹಾಗೆ.

ಮುದಕಪ್ಪ ಲೋಟ ಹಿಡಿದು ಅದನ್ನೇ ನೋಡುತ್ತ ನಿಂತ.

“ಚೆಲ್ಲು” ಎಂದ ಯಂಕಪ್ಪ ಸಂದಿಯಿಂದ ಪಿಸುದನಿಯಲ್ಲಿ.

ಮುದಕಪ್ಪ ಲೋಟವನ್ನು ಬಾಯಿಗೆ ಹಿಡಿದ.

“ಚೆಲ್ಲಲೇ ಮುದಕಪ್ಪಾ! ಕುಡೀಬ್ಯಾಡ!”

ಅವನು ತಣ್ಣಗೆ, ಗುಟುಕು ಗುಟುಕಾಗಿ, ತಳ ಕಾಣುವ ತನಕ ಕುಡಿದ. ಮೀಸೆ ಒರೆಸಿಕೊಂಡ. “ಹಾಲಿನ್ಯಾಗ ವಿಷ ಐತಿ” ಎಂದ, ಉಪ್ಪು ಸ್ವಲ್ಪ ಜಾಸ್ತಿಯಾಗಿದೆ ಎನ್ನುವ ಹಾಗೆ. “ಇರಲಿ ಬಿಡು.” ಹಾಗಂದವನೇ ಎದೆ ಹಿಡಿದುಕೊಂಡು ದಬಾರನೆ ಬಿದ್ದು ಸತ್ತ.

ಯಂಕಪ್ಪ ಕೈಯಲ್ಲಿದ್ದ ಹಾಳೆಗಳನ್ನು ಸರಸರ ತಿರುವಿದ. ಮುಂದೆ ಹನ್ನೊಂದು ದೃಶ್ಯ ಇವೆ, ಎಲ್ಲದರಲ್ಲೂ ಗೌಡ ಇದ್ದಾನೆ, ಈ ಮಗ ಮೊದಲನೆಯದರಲ್ಲೇ ಸತ್ತು ಮಲಗಿದ್ದಾನೆ! ಜನಕ್ಕೆ ಅದೆಲ್ಲ ಎಲ್ಲಿ ಗೊತ್ತು? ಹುಚ್ಚೆದ್ದು ಕೂಗಿದರು: “ಒನ್ಸ್ ಮೋರ್! ಒನ್ಸ್ ಮೋರ್!”

ಮುದಕಪ್ಪ ಎದ್ದ. ಖಾಲಿ ಲೋಟ ಎತ್ತಿ ಕುಡಿದಂತೆ ಮಾಡಿ ಮತ್ತೊಮ್ಮೆ ಬಿದ್ದು ಸತ್ತ.

“ಒನ್ಸ್ ಮೋರ್!”

ಈ ಸಲ ಅವನು ಎದ್ದು ನಿಲ್ಲಲಿಲ್ಲ, ಎದ್ದು ಕೂತ. ಗೋಂದಿನಿಂದ ಅಂಟಿಸಿದ ಮೀಸೆಯನ್ನು ಒಂದು ತುದಿಯಿಂದ ಹಿಡಿದು ಚರ್ರನೆ ಕಿತ್ತ. ನೋವಿಗೆ ಮುಖ ಕಿವುಚಿಕೊಂಡು, ಟವೆಲಿನಿಂದ ಮುಖದ ಬಣ್ಣ ಒರೆಸುತ್ತ ಕೈ ಮುಗಿದ.

“ಅಪ್ಪಗೋಳ್ರಾ, ಅವ್ವಗೋಳ್ರಾ, ನಾ ಮುದಕಪ್ಪ. ಪೌಡರ್ ಕೋಟಿಂಗ್ ಕೆಲಸದಾವ. ನಿಮ್ಮ ಸಲವಾಗಿ ಬಾವ್ಯಾಗ ಬಿದ್ದೆ, ಹಾವು ಕಡಿಸಿಕೊಂಡೆ, ಗುಂಡು ತಿಂದೆ, ಸುಟ್ಟುಕೊಂಡೆ. ಇವತ್ತ ಎರಡ ಸಲ ಸತ್ತೆ. ಸಾಕ್ರೆಪ್ಪಾ ಸಾಕು. ಇನ್ನರ ನನ್ನ ಸಾಯಾಕ ಬಿಡ್ರಿ.”

ಇದೂ ನಾಟಕದ ಮಾತೇ ಎಂದು ತಿಳಿದು ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಒಳಗೆ ಹೋಗಿದ್ದ ಶರಣಮ್ಮ ಬುತ್ತಿ ಚೀಲ ಹಿಡಿದು, ಹೆಗಲ ಮೇಲೆ ದುಪಟ್ಟಾದಂತೆ ಸೆರಗು ಹೊದ್ದು, ಕೆಲಸಕ್ಕೆ ಹೊರಟ ಹೆಂಗಸಿನ ಅವಸರದಲ್ಲಿ ಬಂದಳು. ಸೆರಗಿನ ಗಂಟು ಬಿಚ್ಚಿ ಕೀಲಿಕೈ ತೆಗೆದು ಮುದಕಪ್ಪನ ಮುಂದೆ ಹಿಡಿದಳು.

“ಬಂದ್ರೇನು? ಇವತ್ತೂ ತಡ. ನನಗ ಗೇಟ್ ಹಾಕತಾರ. ಅನ್ನ ಮುಚ್ಚಿಟ್ಟೀನಿ, ಸಾರು ಬಿಸಿ ಮಾಡಿಕೊಳ್ರಿ.”

ಅದು ‘ಒಂದ ಕೀಲಿಕೈ’ಯ ಮೊದಲ ಮಾತು.

“ಗೌಡ ಬೇಕು! ಗೌಡ ಬೇಕು!” ಪೆಂಡಾಲಿನಲ್ಲಿ ಕೂಗೆದ್ದಿತು. ಒಂದು ನೀರಿನ ಬಾಟಲಿ ಬಂದು ರಂಗದ ಮೇಲೆ ಬಿತ್ತು. ಕುರ್ಚಿ ಎಳೆದಾಡುವ ಸದ್ದು. ಚನಬಸಪ್ಪ ಏದುಸಿರು ಬಿಡುತ್ತ ಸಂದಿಗೆ ನುಗ್ಗಿದ. “ಪರದೆ ಬಿಡಣ್ಣಾ! ಮಾನ ಹೋಗತೈತಿ! ಪರದೆ ಬಿಡು!”

ಪರದೆ ಎತ್ತಿ ಕಟ್ಟಿದ್ದ ಹಗ್ಗ ಯಂಕಪ್ಪನ ಪಕ್ಕದಲ್ಲೇ ಇತ್ತು, ಬಿಟ್ಟರೆ ಪರದೆ ಬೀಳುತ್ತಿತ್ತು. ಅವನು ಅದನ್ನು ಎರಡೂ ಕೈಯಿಂದ ಹಿಡಿದುಕೊಂಡ, ಬಿಡಲಿಲ್ಲ. ಚನಬಸಪ್ಪ ಬೆರಳು ಬಿಡಿಸಲು ನೋಡಿದ. ಜೀವಮಾನವಿಡೀ ಪ್ರೆಸ್ಸಿನ ಹಿಡಿಕೆ ಎಳೆದ ಕೈ ಅದು, ಬಿಡುತ್ತದೆಯೇ?

“ಇಷ್ಟು ವರ್ಷ ನೀವು ಹೇಳಿದ್ದು ಕೇಳೀನಿ” ಎಂದ ಯಂಕಪ್ಪ. “ಇವತ್ತ ನನ್ನ ಹೇಂತಿ ಹೇಳಿದ್ದು ಕೇಳ್ತೀನಿ. ಸರಿ ಅತ್ಲಾಗ.”

ಹಗ್ಗ ಹಿಡಿದೇ ಇಡೀ ನಾಟಕದ ಮಾತು ಎತ್ತಿಕೊಟ್ಟ. ಹಾಳೆ ಬೇಕಿರಲಿಲ್ಲ, ಎಲ್ಲ ಅವನಿಗೆ ಬಾಯಿಪಾಠ. ಮೊದಮೊದಲು ಕುರ್ಚಿಗಳ ಸದ್ದು, ಬೈಗುಳ, ಯಾರೋ ಎದ್ದು ಹೋಗುವ ಗದ್ದಲ. ಆಮೇಲೆ ಏನೂ ಇಲ್ಲ. ಎಲ್ಲ ಹೋದರು ಎಂದುಕೊಂಡ. ಕೊನೆಯ ಮಾತು ಮುಗಿದು ಅವನು ಹಗ್ಗ ಬಿಟ್ಟಾಗ ಒಂದು ಚಪ್ಪಾಳೆಯೂ ಬೀಳಲಿಲ್ಲ. ಪರದೆಯ ಆಚೆ ಒಂದಿಷ್ಟು ಕಾಲಸಪ್ಪಳ, ಅಷ್ಟೇ. ಅವನು ಅಂಗೈ ನೋಡಿಕೊಂಡ. ಹಗ್ಗ ಕೊರೆದು ಕೆಂಪಾಗಿತ್ತು.

“ಮಂದಿ ಕುಂತಿದ್ರು ರೀ” ಎಂದಳು ದೇವಕ್ಕ ಮನೆಗೆ ಬರುತ್ತ ದಾರಿಯಲ್ಲಿ. “ಅರ್ಧಕ್ಕರ್ಧ ಎದ್ದ ಹೋದ್ರು ಖರೆ. ಉಳದವ್ರು ಕುಂತ ನೋಡಿದ್ರು.”

“ನೀ ನನ್ನ ಹೇಂತಿ. ಹಂಗ ಹೇಳದ ಮತ್ತೇನ ಹೇಳ್ತಿ?”

“ನಂಬೂದಾದ್ರ ನಂಬ್ರಿ, ಇಲ್ಲಂದ್ರ ಬಿಡ್ರಿ” ಎಂದು ಅವಳು ಮುಂದೆ ನಡೆದಳು.

ಮರುದಿನ ಕಾರ್ಖಾನೆಯಲ್ಲಿ ಯಂಕಪ್ಪನಿಗೆ ಹುಚ್ಚು ಹಿಡಿಯುವುದೊಂದು ಬಾಕಿ. ಯಾರ ಮೊಬೈಲ್ ನೋಡಿದರೂ ಗೌಡ ಹಾಲು ಕುಡಿದು ಸಾಯುತ್ತಿದ್ದ. ‘ನನ್ನ ಸಾಯಾಕ ಬಿಡ್ರಿ’ ಎಂಬ ಮಾತಿಗೆ ಡೋಲು ಬಡಿಸಿ ಹಾಡು ಮಾಡಿದ್ದರು. ಓವರ್‌ಟೈಮ್ ಮಾಡು ಎಂದರೆ ಸೂಪರ್‌ವೈಸರನಿಗೂ ಹುಡುಗರು ಅದನ್ನೇ ಹೇಳುತ್ತಿದ್ದರು. ಮೀಸೆ ಕಿತ್ತದ್ದು ಗೌಡರಿಗೆ ಮಾಡಿದ ಅವಮಾನ ಎಂದು ಒಂದು ಗುಂಪು, ಹಾಲಿಗೆ ವಿಷ ಹಾಕಿದ್ದು ತಪ್ಪು ಎಂದು ಇನ್ನೊಂದು ಗುಂಪು. ಎಲ್ಲಕ್ಕಿಂತ ಮೇಲೆ, ಭಾಗ ಆರು ಯಾವಾಗ ಎಂಬ ಪ್ರಶ್ನೆ. ಅವನು ನಾಚಿಕೆ ಬಿಟ್ಟು ಸಿಕ್ಕಸಿಕ್ಕವರನ್ನು ಕೇಳಿದ: ಗೌಡ ಸತ್ತ ಮೇಲಿನದು ಯಾರಾದರೂ ತೆಗೆದಿರೇನು? ಸ್ವಲ್ಪ? ಯಾರ ಬಳಿಯೂ ಇರಲಿಲ್ಲ.

“ಥೂ ಇವರ!” ಎಂದು ಸಂಜೆ ಮನೆಗೆ ಬಂದವನೇ ಚಪ್ಪಲಿಯನ್ನು ಮೂಲೆಗೆ ಎಸೆದ. “ಸಾಯೂದನ್ನ ನೂರು ಮಂದಿ ಹಿಡದಾರ, ಬದುಕೂದನ್ನ ಒಬ್ಬನರ ಹಿಡೀಬಾರ್ದಾ? ಒಂದ ತುಣುಕು! ಹೋಗಲಿ, ಹಾಳಾಗಿ ಹೋಗಲಿ. ನಾಟಕಾನೂ ಬ್ಯಾಡ, ಇವರ ಸಹವಾಸಾನೂ ಬ್ಯಾಡ!”

ಹನುಮೇಶ ಬಾಗಿಲಲ್ಲಿ ಬಂದು ನಿಂತ. ಯಾವಾಗಲೂ ಮೊಬೈಲಿನಲ್ಲಿರುತ್ತಿದ್ದ ಅವನ ತಲೆ ಈಗ ನೆಲ ನೋಡುತ್ತಿತ್ತು.

“ಮಾವ, ಪೇಜಿನ್ಯಾಗ ಎಲ್ಲಾರೂ ನನ್ನ ಬೈಯಾಕತ್ತಾರ.”

“ನಿನಗೂ ಬಂತೇನು ಪಾಳಿ? ಬೇಸಾತು. ಯಾಕಂತ?”

“ಲೈವ್ ಕೆಡಿಸಿದಿ ಅಂತ. ಗೌಡ ಸತ್ತ ಮ್ಯಾಲ ಏನೂ ಕಾಣವಲ್ದಂತ, ಬರೇ ಕತ್ತಲ.”

“ಬಂದ್ ಮಾಡಿದ್ಯೇನಲೇ?”

“ಬಂದ್ ಮಾಡಿಲ್ಲ ಮಾವ.” ಹನುಮೇಶ ತಲೆ ಕೆರೆದುಕೊಂಡ. “ಶರಣಮ್ಮಕ್ಕ ಕೀಲಿಕೈ ಕೊಡೂ ಮುಂದ ಮೊಬೈಲ್ ತೊಡಿ ಮ್ಯಾಲ ಕ್ಯಾಮೆರಾ ಕೆಳಗ ಮಾಡಿ ಇಟಗೊಂಡಿನಿ. ಆಮ್ಯಾಲ ಅದರ ನೆಪ್ಪ ಇಲ್ಲ. ಪೂರಾ ನಾಟಕ ನನ್ನ ಪ್ಯಾಂಟ್ ಲೈವ್ ಹೋಗೈತಿ.”

ಯಂಕಪ್ಪ ಅವನ ಮುಖವನ್ನೇ ನೋಡಿದ. ಉಣ್ಣುವಾಗ, ಉಡುವಾಗ, ತನ್ನ ಅವ್ವ ಸತ್ತು ಮಣ್ಣಿಗೆ ಹೋದಾಗ ಕೂಡ ಮೊಬೈಲನ್ನು ಕೈಯಿಂದ ಕೆಳಗಿಡದಿದ್ದ ಹುಡುಗ ಇವನು.

“ಸಪ್ಪಳಾ?” ಎಂದ.

“ಸಪ್ಪಳ ಐತಿ.”

ಹನುಮೇಶ ಮೊಬೈಲನ್ನು ಮೊರದ ಮೇಲೆ ಇಟ್ಟು ಹಚ್ಚಿದ. ತೆರೆ ಪೂರ್ತಿ ಕಪ್ಪು. ಕೆಳಗೆ ಬೈಗುಳಗಳ ಸಾಲು: ‘ಏನೂ ಕಾಣ್ತಿಲ್ಲ ಗುರು’, ‘ಅಡ್ಮಿನ್ ಸತ್ತೋದ್ನಾ’, ‘ಮೋಸ’. ಆ ಕತ್ತಲೆಯೊಳಗಿಂದ ಗದ್ದಲ ಕೇಳಿತು. ಗೌಡ ಬೇಕು, ಗೌಡ ಬೇಕು. ಕುರ್ಚಿಗಳ ಸದ್ದು. ಅಷ್ಟರಲ್ಲಿ ಯಾವುದೋ ಹೆಂಗಸು, ಲಗ್ಗೆರೆಯ ಹಳಬಳೇ ಇರಬೇಕು, ಗದರಿದಳು: “ಸುಮ್ಕೆ ಕುಂತ್ಕಳ್ರೋ, ಆಯಮ್ಮ ಏನೇಳ್ತದೋ ಕೇಳಾನ!” ಗದ್ದಲ ಇಳಿಯಿತು. ಶರಣಮ್ಮನ ದನಿ. ಮುದಕಪ್ಪನ ಮೆಲುದನಿ, ಆ ಹಾಳು ಗಂಟಲಿನದು, ಒಂದೊಂದು ಅಕ್ಷರವೂ ಸ್ಪಷ್ಟ. ಎಲ್ಲೋ ಒಂದು ಕೂಸು ಅತ್ತಿತು, ಯಾರೋ ಶ್ಶ್ ಎಂದರು. ಕೀಲಿಕೈ ಕೈಯಿಂದ ಕೈಗೆ ಹೋದ ಸಣ್ಣ ಕಿಣಿ ಸದ್ದು ಕೂಡ ಕೇಳಿತು. ಅಷ್ಟು ಜನರ ನಡುವೆ ಅದು ಕೇಳಬೇಕಾದರೆ ಅವರೆಲ್ಲ ಎಷ್ಟು ಸುಮ್ಮನಿದ್ದಿರಬೇಕು!

ನಾಟಕ ಮುಂದೆ ಸಾಗಿತು. ಊರಿಂದ ಸಾವಿನ ಸುದ್ದಿ ಬರುವ ಜಾಗ. ಗಂಡ ಹೇಳಲಾರ, ಹೆಂಡತಿಗೆ ಗೇಟ್ ಹಾಕುವ ಅವಸರ. ಆಗ ಮೊಬೈಲಿನ ತೀರಾ ಸಮೀಪದಲ್ಲಿ ಯಾರೋ ಸರ್ರನೆ ಮೂಗು ಏರಿಸಿದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ.

“ಇದ್ಯಾರಲೇ, ಇಷ್ಟ ಸಮೀಪ?” ಎಂದ ಯಂಕಪ್ಪ.

ಹನುಮೇಶ ಗೋಡೆಯ ಕ್ಯಾಲೆಂಡರ್ ನೋಡಿದ. “ನೆಗಡಿ ಆಗಿತ್ತು ಮಾವ.”

“ನಿನ್ನಿ ಎಲ್ಲಿತ್ತಲೇ ನಿನಗ ನೆಗ...”

“ಇಬ್ರೂ ಬಾಯಿ ಮುಚ್ಚರಿ” ಎಂದಳು ದೇವಕ್ಕ. ಹಿಟ್ಟಿನ ಕೈಯಲ್ಲೇ ಬಂದು, ಮೊಬೈಲಿನ ಕಡೆ ಕಿವಿ ಕೊಟ್ಟು ಕೂತಿದ್ದಳು. ಒಳಗೆ ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. “ನನಗ ಕೇಳಸವಲ್ದು.”